ನನ್ನ ಬೆನ್ನ ಹಿಂದೆ ನಿಂತಿದ್ದ ಗಾರ್ಡು

ಕೆಲವರಿಗೆ ಹುಟ್ಟಿನಿಂದಲೇ ಕಂಠ ಚೆನ್ನಾಗಿರುತ್ತದೆ, ಕೆಲವರಿಗೆ ಅಕ್ಷರ ದುಂಡಗಿರುತ್ತದೆ. ನನಗೆ ಹುಟ್ಟಿನಿಂದ ಬಂದದ್ದು ಸಂಶಯ. ಹಾಲು ತೆಳ್ಳಗಿದ್ದರೆ ನೀರು ಬೆರೆಸಿದ್ದಾರೆಂದೂ, ಗಟ್ಟಿಯಾಗಿದ್ದರೆ ಹಿಟ್ಟು ಬೆರೆಸಿದ್ದಾರೆಂದೂ, ಎರಡೂ ಅಲ್ಲದೆ ಸರಿಯಾಗಿಯೇ ಇದ್ದರೆ ಇವತ್ತೇಕೆ ಸರಿಯಾಗಿದೆ ಎಂದೂ ಯೋಚಿಸುವವನು ನಾನು. ಹಾನಗಲ್ಲಿನ ನಮ್ಮ ಮನೆಯಲ್ಲಿ ಇದು ಹೊಲಮನೆಯಂತೆ ತಲೆಮಾರಿನಿಂದ ಬಂದ ಸ್ವತ್ತು. ಬತ್ತದ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪ, ಪೇಟೆಯಲ್ಲಿ ಯಾರಾದರೂ ಕೈಮುಗಿದರೆ ತಾನೂ ಮುಗಿದು, ಅವರು ದಾಟಿ ಹೋದ ಮೇಲೆ ನನ್ನ ಕಡೆ ತಿರುಗಿ, “ಇಂವ ಇವತ್ತ ಯಾಕ ಇಷ್ಟ ಬಗ್ಗಿದಾ?” ಎಂದು ಕೇಳುತ್ತಿದ್ದರು. ನನ್ನ ಹೆಸರು ಶಂಕ್ರಪ್ಪ. ಧಾರವಾಡದ ಕಾಲೇಜು ಸೇರಿದ ಕೆಲವೇ ದಿನಗಳಲ್ಲಿ ಹಾಸ್ಟೆಲಿನವರು ಅದನ್ನು ಶಂಕಾಸುರ ಎಂದು ತಿದ್ದಿದರು. ಈ ನಾಮಕರಣ ಮಾಡಿದವನು ಯಾರೆಂದು ನನಗೆ ಇಂದಿಗೂ ಇಬ್ಬರ ಮೇಲೆ ಗುಮಾನಿ ಇದೆ.

ಅದು ಮಹಾಯುದ್ಧ ನಡೆದಿದ್ದ ಕಾಲ. ಪೇಟೆಯಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಸಿಗುತ್ತಿರಲಿಲ್ಲ, ನಮಗೆ ಬ್ಯಾಸ್ಕೆಟ್‌ಬಾಲ್ ಆಡಲು ಹೊಸ ಚೆಂಡೂ ಸಿಗುತ್ತಿರಲಿಲ್ಲ. ಇದ್ದ ಒಂದೇ ಚರ್ಮದ ಚೆಂಡಿಗೆ ಚಪ್ಪಲಿ ಹೊಲಿಯುವವರಿಂದ ಎಷ್ಟು ತೇಪೆ ಹಾಕಿಸಿದ್ದೆವೆಂದರೆ, ಅದು ನೆಲಕ್ಕೆ ಬಿದ್ದ ಮೇಲೆ ಯಾವ ಕಡೆ ಏಳುತ್ತದೆಂದು ಅದಕ್ಕೇ ಗೊತ್ತಿರುತ್ತಿರಲಿಲ್ಲ. ನನ್ನಂಥವನಿಗೆ ಹೇಳಿ ಮಾಡಿಸಿದ ಆಟ. ತಂಡದಲ್ಲಿ ಐದು ಜನ. ಮುಂದೆ ಇಬ್ಬರು, ನಡುವೆ ಎತ್ತರದವನೊಬ್ಬ, ಹಿಂದೆ ಇಬ್ಬರು ಗಾರ್ಡುಗಳು. ಆ ಕಾಲದಲ್ಲಿ ಈ ಇಬ್ಬರು ಗಾರ್ಡುಗಳ ನಡುವೆಯೂ ಮೇಲುಕೀಳು ಇತ್ತು. ಒಬ್ಬ ನಿಲ್ಲುವ ಗಾರ್ಡು. ಅವನು ನಮ್ಮ ಬುಟ್ಟಿಯ ಕೆಳಗೆ ಗೂಟ ಬಡಿದ ಹಾಗೆ ನಿಂತು, ಬಂದವರನ್ನು ತಡೆಯಬೇಕು. ಇನ್ನೊಬ್ಬ ಓಡುವ ಗಾರ್ಡು. ಅವನು ಚೆಂಡನ್ನು ಪುಟಿಸುತ್ತ ಮೈದಾನದ ಉದ್ದಕ್ಕೂ ಹೋಗಿ, ಮುಂದಿನವರಿಗೆ ಕೊಟ್ಟು, ಸಾಧ್ಯವಾದರೆ ತಾನೇ ಬುಟ್ಟಿಗೆ ಹಾಕಿ, ಬೇಲಿಯಾಚೆ ನಿಂತವರಿಂದ ಚಪ್ಪಾಳೆ ತೆಗೆದುಕೊಳ್ಳಬೇಕು. ಓಡುವ ಗಾರ್ಡು ನಾನು. ನಿಲ್ಲುವವನು ಗುರುಸಿದ್ದಪ್ಪ.

ಗುರುಸಿದ್ದಪ್ಪ ಹಿರೇಕೆರೂರಿನ ಕಡೆ ಚಿಕ್ಕೇರೂರಿನವನು. ಅಗಲವಾದ ಎದೆ, ನಿಧಾನವಾದ ಮಾತು. ಚೆಂಡು ಕೈಗೆ ಬಂತೆಂದರೆ, ಸಂತೆಯಲ್ಲಿ ಯಾರೋ ತಮ್ಮ ಕೂಸನ್ನು ಕೈಗೆ ಕೊಟ್ಟು ಮಾಯವಾದ ಹಾಗೆ ಗಾಬರಿಯಾಗಿ, ಹತ್ತಿರ ಇದ್ದವರಿಗೆ ಕೊಟ್ಟುಬಿಡುತ್ತಿದ್ದ. ಹತ್ತಿರ ಇದ್ದವರು ಎಷ್ಟೋ ಸಲ ಎದುರು ತಂಡದವರೇ ಆಗಿರುತ್ತಿದ್ದರು. ಅವನು ನನ್ನ ಬೆನ್ನ ಹಿಂದೆ ನಿಂತಿರುವವರೆಗೆ ನನಗೆ ಲೋಕದಲ್ಲಿ ಯಾವ ಹೆದರಿಕೆಯೂ ಇರಲಿಲ್ಲ. ನಾನು ಸಂಶಯ ಪಡದೆ ಇದ್ದ ಒಬ್ಬನೇ ಮನುಷ್ಯ ಎಂದರೆ ಅವನೇ. ಅದೇ ನಾನು ಮಾಡಿದ ತಪ್ಪು ಲೆಕ್ಕ.

ಬೇಸಿಗೆ ರಜೆ ಮುಗಿಸಿ ಬಂದ ಗುರುಸಿದ್ದಪ್ಪ ಬೇರೆಯೇ ಮನುಷ್ಯನಾಗಿದ್ದ. ಮೊದಲ ದಿನ ಚೆಂಡು ಅವನ ಕೈಗೆ ಹೋಯಿತು. ನಾನು ರೂಢಿಯಂತೆ ಕೈ ಚಾಚಿದೆ. ಅವನು ಕೊಡಲಿಲ್ಲ. ತಲೆಯೆತ್ತಿ ಮೈದಾನವನ್ನೆಲ್ಲ ನೋಡುತ್ತ, ಚೆಂಡಿನ ಕಡೆ ಕಣ್ಣು ಹಾಯಿಸದೆ ಪುಟಿಸುತ್ತ ನನ್ನನ್ನು ದಾಟಿ ಹೋದ. ಆಟದ ಮಾಸ್ತರರ ಬಾಯಿಂದ ಸೀಟಿ ಕೆಳಗೆ ಬಿತ್ತು.

“ಗುರುಸಿದ್ದಾ, ಎಲ್ಲಿ ಕಲ್ತ್ಯೋ ಇದನ್ನ?”

“ಎಲ್ಲೂ ಇಲ್ರಿ ಸರ. ಸುಮ್ನ ಊರಾಗ ಆಡಿದ್ನಿ.”

ನಾನು ಚಿಕ್ಕೇರೂರನ್ನು ನೋಡಿದ್ದೇನೆ. ಅಲ್ಲಿ ಬುಟ್ಟಿಗಳು ಬೇಕಾದಷ್ಟಿವೆ. ಆದರೆ ಅವೆಲ್ಲ ಕಾಳು ಹೊರುವ ಬುಟ್ಟಿಗಳು. ಸುಳ್ಳು ಹೇಳುವ ಅಗತ್ಯ ಇವನಿಗೇನು ಬಂತು? ಆ ರಾತ್ರಿಯಿಂದ ನನ್ನ ನಿದ್ದೆ ಹಾಳಾಯಿತು. ಅಷ್ಟರಲ್ಲಿ ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಇವನು ಪ್ರತಿ ಶನಿವಾರ ಕ್ಲಾಸು ಮುಗಿದ ಕೂಡಲೇ ಕೈಚೀಲ ಹಿಡಿದು ರೈಲಿಗೆ ಹೋಗುತ್ತಿದ್ದ, ಸೋಮವಾರ ಬೆಳಿಗ್ಗೆ ಬರುತ್ತಿದ್ದ. ಒಂದು ಶನಿವಾರ ಬಲಗೈ ಮಾತ್ರ ಬಲ್ಲವನಾಗಿ ಹೋದವನು ಸೋಮವಾರ ಎಡಗೈಯಲ್ಲೂ ಪುಟಿಸುತ್ತ ಬಂದ. ಮುಂದಿನ ವಾರ ಬಲಕ್ಕೆ ವಾಲಿ ಎಡಕ್ಕೆ ನುಗ್ಗುವುದನ್ನು ಕಲಿತು ಬಂದ. ಎಲ್ಲಿಗೆ ಹೋಗುತ್ತೀ ಎಂದು ಕೇಳಿದರೆ, “ಸವಣೂರಾಗ ನಮ್ಮ ಅಕ್ಕ ಅದಾಳ, ಅಲ್ಲಿಗೆ” ಎಂದ. ವಾರವಾರವೂ ಅಕ್ಕನನ್ನು ನೋಡಲು ಓಡುವ ತಮ್ಮನನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಇವನಿಗೆ ಯಾರೋ ದಂಡಿನ ಪಲ್ಟಣಿನಿಂದ ಬಂದ ಬಿಳಿ ಚರ್ಮದ ಗೋರಾ ಸಾರ್ಜೆಂಟ್ ಗುಟ್ಟಾಗಿ ಕಲಿಸುತ್ತಿರಬೇಕು ಎಂದುಕೊಂಡೆ. ಬೆಳಗಾವಿಯ ತಂಡದವರು ನಮ್ಮಲ್ಲಿ ಜಗಳ ಹಚ್ಚಲು ಇವನನ್ನು ತಯಾರು ಮಾಡುತ್ತಿರಬೇಕು ಎಂದೂ ಅನ್ನಿಸಿತು. ಆ ತಂಡದೊಡನೆ ನಮ್ಮ ಮ್ಯಾಚು ಹತ್ತಿರ ಬಂದಿತ್ತು. “ಓಡೋ ಗಾರ್ಡ್ ಯಾರು ಅನ್ನೂದನ್ನ ಬರೋ ವಾರ ಹೇಳ್ತೇನಿ” ಎಂದು ಮಾಸ್ತರರು ಹೇಳಿದಾಗ ಅವರ ಕಣ್ಣು ನನ್ನ ಮೇಲಿರಲಿಲ್ಲ.

ಮುಂದಿನ ಶನಿವಾರ ನಾನೂ ರೈಲು ಹತ್ತಿದೆ. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಊರಿಗೆ ಹೋಗಬೇಕಾದರೆ ನಾನು ಅದೇ ಗಾಡಿಯಲ್ಲಿ ಹಾವೇರಿವರೆಗೆ ಹೋಗಿ ಅಲ್ಲಿಂದ ಮೋಟಾರು ಹಿಡಿಯುವವನು. ಈ ಸಲ ಗುರುಸಿದ್ದಪ್ಪನ ಹಿಂದಿನ ಡಬ್ಬಿಯಲ್ಲಿ ಕೂತು, ಯಲವಿಗಿ ಬಂದಾಗ ತಲೆಗೆ ಟವೆಲ್ ಸುತ್ತಿಕೊಂಡು ಇಳಿದೆ. ಸವಣೂರಿಗೆ ಹೊರಟಿದ್ದ ಟಾಂಗಾ ಒಂದೇ. ಅದರಲ್ಲಿ ಅವನು ಹತ್ತಿ ಕೂತಿದ್ದ. ನಾನು ನೀರಿನ ಕೊಳವೆಯ ಹಿಂದೆ ಅಡಗಿ ನಿಂತರೆ ಟಾಂಗಾದವನು ಸ್ಟೇಷನ್ನಿಗೆಲ್ಲ ಕೇಳುವ ಹಾಗೆ, “ಓ ಟವೆಲ್ ಸುತ್ತಿದ ಸಾಹೇಬ್ರ, ಸವಣೂರಿಗೇನ್ರಿ? ಬರ್ರಿ ಬರ್ರಿ, ಒಬ್ರಿಗೆ ಜಾಗಾ ಐತಿ!” ಎಂದು ಕೂಗತೊಡಗಿದ. ನಾನು ಕಿವುಡನಾದೆ. ಟಾಂಗಾ ಹೋದ ಮೇಲೆ, ಎಲೆಬುಟ್ಟಿಗಳನ್ನು ಸ್ಟೇಷನ್ನಿಗೆ ಇಳಿಸಿ ವಾಪಸು ಹೊರಟಿದ್ದ ಚಕ್ಕಡಿಯೊಂದರಲ್ಲಿ ಖಾಲಿ ಬುಟ್ಟಿಗಳ ನಡುವೆ ಕೂತು, ಮೈಗೆಲ್ಲ ವೀಳ್ಯದೆಲೆಯ ವಾಸನೆ ಹತ್ತಿಸಿಕೊಂಡು, ಬಿಸಿಲು ಇಳಿಯುವ ಹೊತ್ತಿಗೆ ಸವಣೂರು ಸೇರಿದೆ.

ಗುರುಸಿದ್ದಪ್ಪನ ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾಸ್ತರಿಣಿ ಎಂದು ಒಬ್ಬ ಖಾರದ ಅಂಗಡಿಯವನಿಂದ ತಿಳಿಯಿತು. ಶಾಲೆಯ ಹಿಂದೆ ಒಂದು ಬಯಲು, ಬಯಲಿನ ಅಂಚಿಗೆ ಒಂದು ದೊಡ್ಡ ಹುಣಸೆಮರ. ಸವಣೂರಿನ ಈ ಮರಗಳನ್ನು ನೋಡಿದವರಿಗೆ ಅದರ ಬುಡ ಒಂದು ಕೋಣೆಯಷ್ಟು ಅಗಲವೆಂದು ಗೊತ್ತು. ನಮ್ಮ ತಂಡದ ಐದೂ ಜನ ಅದರ ಹಿಂದೆ ಅಡಗಬಹುದಿತ್ತು. ನಾನು ಅಲ್ಲಿಂದ ಇಣುಕಿದೆ. ಗೋರಾ ಸಾರ್ಜೆಂಟ್ ಇರಲಿಲ್ಲ. ಗುರುಸಿದ್ದಪ್ಪ ತೋಳು ಚಾಚಿ ನಿಂತಿದ್ದ. ಅವನೆದುರು ಇಳಕಲ್ ಸೀರೆಯ ಕಚ್ಚೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬಳು ಚೆಂಡು ಪುಟಿಸುತ್ತಿದ್ದಳು. ಬಲಕ್ಕೆ ವಾಲಿದಳು; ಗುರುಸಿದ್ದಪ್ಪ ಅತ್ತ ಹಾರಿದ; ಅವಳು ಎಡಗಡೆಯಿಂದ ಹೋಗಿ, ಕಂಬಕ್ಕೆ ಬಡಿದ ಕಬ್ಬಿಣದ ಬಳೆಯೊಳಗೆ ಚೆಂಡನ್ನು ಮೆತ್ತಗೆ ಇಳಿಸಿದಳು. ನಾನು ಬೆರಗಾಗಿ ಅಡಗಿದ್ದನ್ನೇ ಮರೆತು ಹೊರಗೆ ಬಂದುಬಿಟ್ಟಿರಬೇಕು.

“ಯಾರ ಅದು? ಹೆಣ್ಣುಮಕ್ಕಳ ಸಾಲಿ ಹಿಂದ ನಿಂತ ಏನ್ ನೋಡಾಕತ್ತಿ?” ಎಂದು ಅವಳು ಗದರಿದಳು. ಹುಡುಗಿಯರನ್ನು ಗದರಿಸಿ ಪಳಗಿದ ಆ ದನಿಗೆ ನನ್ನ ಟವೆಲ್ ತಾನಾಗಿಯೇ ತಲೆಯಿಂದ ಜಾರಿತು.

“ಅಕ್ಕ, ಇಂವ ನಮ್ಮ ಶಂಕ್ರಪ್ಪ!” ಎಂದ ಗುರುಸಿದ್ದಪ್ಪ. “ನಾ ಹೇಳಿದ್ನಲ್ಲಾ, ಅಂವ.”

ಏನು ಹೇಳಿದ್ದ? ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಅವಳ ಹೆಸರು ಗಂಗಕ್ಕ. ಸೆರಗು ಹೊದ್ದುಕೊಂಡು ಬಂದು, ಕಟ್ಟೆಯ ಮೇಲೆ ಕೂತು, ಎಲ್ಲವನ್ನೂ ಅವಳೇ ಹೇಳಿದಳು. ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ಹುಡುಗಿಯರಿಗೆ ಒಬ್ಬ ಮೇಡಮ್ಮು ಈ ಆಟ ಕಲಿಸಿದ್ದರಂತೆ. ಇವಳೂ ಗಾರ್ಡು.

“ಹೆಣ್ಣುಮಕ್ಕಳ ಆಟದಾಗ ಅಂಗಳಕ್ಕ ಗೆರಿ ಹಾಕ್ತಿದ್ರು. ಗಾರ್ಡ್ ಆದಾಕಿ ಗೆರಿ ದಾಟೂವಂಗಿಲ್ಲ. ಚಂಡ ಹಿಡದ ಗೆರಿತನಕ ಓಡೂದು, ಅಲ್ಲೇ ನಿಂದ್ರೂದು. ಬುಟ್ಟಿ ಕಣ್ಣಮುಂದ ಇರತಿತ್ತು. ಈ ನನ್ನ ತಮ್ಮಗ ಯಾರೂ ಗೆರಿ ಹಾಕಿಲ್ಲ, ತಾನ ನಿಂತಾನ! ಬ್ಯಾಸಿಗಿ ರಜಾದಾಗ ಇಲ್ಲಿಗೆ ಬಂದ ಇಂವ ಅದನ್ನ ಹೇಳಿದಾಗ ನನಗ ಭಾಳ ಸಿಟ್ಟ ಬಂತು. ಅವತ್ತ ಕಂಬಾ ಹುಗಿಸಿ ಕಲಸಾಕ ಸುರು ಮಾಡಿದ್ನಿ.”

ಗುರುಸಿದ್ದಪ್ಪ ನನ್ನನ್ನು ಪಕ್ಕಕ್ಕೆ ಕರೆದ. “ಯಾರ ಮುಂದೂ ಹೇಳಬ್ಯಾಡಪಾ. ನನ್ನ ನಕ್ಕರ ನಗಲಿ. ಮಾಸ್ತರಿಣಿ ಕಚ್ಚಿ ಕಟ್ಟಿ ಬಯಲಾಗ ಓಡತಾಳ ಅಂತ ಸುದ್ದಿ ಹಬ್ಬಿದ್ರ ಆಕಿ ನೌಕರಿ ಹೋಕ್ಕೈತಿ.” ಹುಡುಗಿಯರೆಲ್ಲ ಮನೆಗೆ ಹೋಗಿ, ಬಿಸಿಲು ಇಳಿದ ಮೇಲೆಯೇ ಅವಳು ಬಯಲಿಗೆ ಬಂದದ್ದೇಕೆಂದು ಆಗ ತಿಳಿಯಿತು.

ಗಂಗಕ್ಕ ಚೆಂಡು ತೆಗೆದುಕೊಂಡು ಎದ್ದಳು. “ಬಂದೀಯಲ್ಲ, ನನ್ನ ತಡಿ ನೋಡೋಣು.” ಬಲಕ್ಕೆ ವಾಲಿದಳು. ನಾನು ಅಲುಗಲಿಲ್ಲ, ಅವಳು ನಿಜವಾಗಿ ಬಲಕ್ಕೇ ಹೋಗುತ್ತಾಳೆಂದು ನಾನೇಕೆ ನಂಬಬೇಕು? ಎಡಕ್ಕೆ ವಾಲಿದಳು. ಅದನ್ನೂ ನಂಬಲಿಲ್ಲ. ಚೆಂಡೆತ್ತಿ ಬುಟ್ಟಿಗೆ ಎಸೆಯುವ ಹಾಗೆ ಮಾಡಿದಳು. ಅಲ್ಲೆಲ್ಲೋ ದೂರದಲ್ಲಿ ನಿಂತಿದ್ದ ಗುರುಸಿದ್ದಪ್ಪನೂ ಹಾರಿದ, ನಾನು ಹಾರಲಿಲ್ಲ. ಕೊನೆಗೆ ಅವಳು ಚೆಂಡನ್ನು ಸೊಂಟಕ್ಕೆ ಒತ್ತಿಕೊಂಡು ನಕ್ಕುಬಿಟ್ಟಳು. “ಗುರುಸಿದ್ದಾ, ಇಂವ ಏನಂದ್ರ ಏನೂ ನಂಬೂದಿಲ್ಲಲ್ಲೋ! ಶಂಕ್ರಪ್ಪ, ನೀ ಓಡೋ ಗಾರ್ಡ್ ಅಲ್ಲ. ನೀ ಹಿಂದ ನಿಂದ್ರು. ಒಂದ ಇರಿವಿ ಸೈತ ದಾಟಂಗಿಲ್ಲ.”

ಆಹಾ, ಇದು ವಿಷಯ! ಅಕ್ಕ ತಮ್ಮ ಸೇರಿ ನನ್ನನ್ನು ಹಿಂದಕ್ಕೆ ತಳ್ಳುವ ಸಂಚು ಎಂದು ನನಗೆ ಖಾತ್ರಿಯಾಯಿತು. ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸಿ, ರೊಟ್ಟಿಯ ಮೇಲೆ ಅವಳು ಬೆಣ್ಣೆ ಹಾಕಿದಾಗ ಅದು ಇನ್ನಷ್ಟು ಖಾತ್ರಿಯಾಯಿತು. ಯಾಕೆ ಇಷ್ಟು ಬೆಣ್ಣೆ? ಆದರೂ ಉಂಡೆ. ಸಂಶಯಕ್ಕೂ ಹಸಿವಿಗೂ ನನ್ನಲ್ಲಿ ಎಂದೂ ತಂಟೆ ಇರಲಿಲ್ಲ.

ಸೋಮವಾರ ಮಾಸ್ತರರು ನಮ್ಮಿಬ್ಬರನ್ನು ಎದುರುಬದುರು ಆಡಿಸಿದರು. ಗುರುಸಿದ್ದಪ್ಪ ಎಲ್ಲರನ್ನೂ ದಾಟಿದ, ನನ್ನೊಬ್ಬನನ್ನು ದಾಟಲಾಗಲಿಲ್ಲ. ನಾನು ಚೆಂಡು ಹಿಡಿದು ಹೊರಟರೆ ಅವನನ್ನೂ ದಾಟಲಿಲ್ಲ, ಬೇರೆಯವರನ್ನೂ ದಾಟಲಿಲ್ಲ. “ಶಂಕ್ರಪ್ಪ, ನೀ ಹಿಂದ ನಿಂದ್ರು” ಎಂದರು ಮಾಸ್ತರರು. ಗಂಗಕ್ಕನ ಮಾತೇ! ಇವರಿಗೆ ಅದು ಹೇಗೆ ತಲುಪಿತು? ನನ್ನ ನಾಲಿಗೆಯ ತುದಿಗೆ ಒಂದು ವಾಕ್ಯ ಬಂದಿತ್ತು: ಇವನಿಗೆ ಕಲಿಸುವವರು ಯಾರು ಗೊತ್ತೇನ್ರಿ ಸರ? ಅಷ್ಟು ಹೇಳಿದ್ದರೆ ಹಾಸ್ಟೆಲೆಲ್ಲ ನಕ್ಕು, ಗುರುಸಿದ್ದಪ್ಪ ತಲೆತಗ್ಗಿಸಿ ಮತ್ತೆ ಬುಟ್ಟಿಯ ಕೆಳಗೆ ಹೋಗಿ ನಿಲ್ಲುತ್ತಿದ್ದ. ಅವನು ನನ್ನನ್ನೇ ನೋಡುತ್ತಿದ್ದ. ನನಗೆ ಗೆರೆಯ ತನಕ ಓಡಿಬಂದು ನಿಂತ ಹುಡುಗಿಯೊಬ್ಬಳು ಕಣ್ಣಿಗೆ ಕಟ್ಟಿದಳು. ವಾಕ್ಯವನ್ನು ನುಂಗಿಕೊಂಡು ಹಿಂದೆ ಹೋಗಿ ನಿಂತೆ. ನಮ್ಮ ವಂಶದಲ್ಲಿ ಯಾರೂ ಅಷ್ಟು ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡವರಿಲ್ಲ.

ಮ್ಯಾಚಿನ ದಿನ ಗಂಗಕ್ಕ ಬಂದಿದ್ದಳು. ಅಚ್ಚುಕಟ್ಟಾಗಿ ಸೆರಗು ಹೊದ್ದು, ಕೊಡೆ ಹಿಡಿದು, ಈ ಆಟವನ್ನು ಇವತ್ತೇ ಮೊದಲು ನೋಡುವವಳ ಹಾಗೆ ಬೇಲಿಯ ಹತ್ತಿರ ನಿಂತಿದ್ದಳು. ಗುರುಸಿದ್ದಪ್ಪ ಆವತ್ತು ಆಡಿದ್ದನ್ನು ಬಣ್ಣಿಸಲು ನನ್ನಿಂದಾಗದು. ಅರ್ಧ ಮೈದಾನದ ಗೆರೆ ದಾಟುವಾಗಲೆಲ್ಲ ಅವನು ಒಂದು ಹೆಜ್ಜೆ ಹೆಚ್ಚು ಜೋರಾಗಿ ಇಡುತ್ತಿದ್ದ. ನಾನು ಹಿಂದೆ ನಿಂತು, ಬಂದವರನ್ನೆಲ್ಲ ಸಾಲ ಕೇಳಲು ಬಂದವರೆಂದು ಭಾವಿಸಿ, ಯಾರ ಯಾವ ಆಣೆ ಪ್ರಮಾಣವನ್ನೂ ನಂಬದೆ ತಡೆದೆ. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಅಂಕ ಮುಂದಿದ್ದೆವು. ನಮ್ಮ ಬುಟ್ಟಿಗೆ ಬಡಿದು ಹಾರಿದ ಚೆಂಡನ್ನು ಗುರುಸಿದ್ದಪ್ಪ ಹಿಡಿದ. ಬೆಳಗಾವಿಯ ಮೂವರು ಅವನನ್ನು ಮುತ್ತಿದರು. ಅವನು ಅವರ ನಡುವಿನಿಂದ ಚೆಂಡನ್ನು ನನಗೆ ಎಸೆದ.

ಚೆಂಡು ನನ್ನ ಕೈಗೆ ಬಂತು. ಮುಂದೆ ಮೈದಾನ ಬಟಾಬಯಲು. “ಓಡೋ, ಓಡೋ!” ಎಂದು ಬೇಲಿಯಾಚೆಯವರೆಲ್ಲ ಕಿರುಚಿದರು. ನಾನು ಓಡಲಿಲ್ಲ. ಇಡೀ ಆಟ ಚೆಂಡನ್ನು ತಾನೇ ಒಯ್ದವನು ಈಗೇಕೆ ನನಗೆ ಕೊಟ್ಟ? ನಾನು ಓಡಿ, ಎಸೆದು, ತಪ್ಪಿ, ಸೋಲಿನ ಅಪವಾದ ನನ್ನ ತಲೆಗೆ ಬರಲಿ ಎಂದೇ? ಚೆಂಡನ್ನು ಎದೆಗೆ ಒತ್ತಿಕೊಂಡು, ಖಾಲಿ ಮೈದಾನಕ್ಕೆ ಬೆನ್ನು ಕೊಟ್ಟು, ಗುರುಸಿದ್ದಪ್ಪನನ್ನೇ ದಿಟ್ಟಿಸುತ್ತ ನಿಂತೆ. ಬೆಳಗಾವಿಯವರು ನನ್ನ ಮೇಲೆ ಬಿದ್ದು ಜಗ್ಗಿದರು. ನಾನು ಬಿಡಲಿಲ್ಲ. ಅಷ್ಟರಲ್ಲಿ ಸೀಟಿ ಕೂಗಿತು. ಆಟ ಮುಗಿದಿತ್ತು. ನಾವು ಗೆದ್ದಿದ್ದೆವು.

“ಎಂಥಾ ತಲಿ ಓಡಿಸಿದಿ!” ಎಂದು ಮಾಸ್ತರರು ನನ್ನನ್ನು ಅಪ್ಪಿಕೊಂಡರು. “ಓಡಿದ್ರ ಚಂಡ ಹೋಗತಿತ್ತು. ಹೊತ್ತ ಕಳದಿ ನೋಡ, ಭಲೇ!” ಗುರುಸಿದ್ದಪ್ಪ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. “ನಿನ್ನ ಕೈಯಾಗಿಂದ ಯಾರೂ ಕಸಗೊಳ್ಳೂದಿಲ್ಲ ಅಂತ ಗೊತ್ತಿತ್ತಪಾ, ಅದಕ್ಕ ನಿನಗ ಕೊಟ್ಟಿದ್ನಿ” ಎಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಎಷ್ಟು ಹುಡುಕಿದರೂ ಅದರಲ್ಲಿ ಮೋಸ ಸಿಗಲಿಲ್ಲ. ಗಂಗಕ್ಕ ಬೇಲಿಯ ಹತ್ತಿರ ಕರೆದು, “ಬೇಕಂತನ ಹೊತ್ತ ಕಳದಿ ಏನೋ?” ಎಂದು ಕೇಳಿದಳು. “ಹೌದ್ರಿ” ಎಂದೆ. “ಹೌದೇನು?” ಎಂದು ಕೊಡೆ ಮಡಚಿ ನಗುತ್ತ ಹೊರಟುಹೋದಳು.

ಮರುದಿನದಿಂದ ಮಾಸ್ತರರು ಅದನ್ನೊಂದು ಪಾಠವನ್ನಾಗಿ ಮಾಡಿದರು. ಹೊಸ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೊನೆಯ ಗಳಿಗೆಯಲ್ಲಿ ಚೆಂಡು ಕಾಯುವುದು ಹೇಗೆಂದು ಮಾಡಿ ತೋರಿಸಲು ನನಗೆ ಹೇಳಿದರು. ಗುರುಸಿದ್ದಪ್ಪ ಎಸೆದ. ನಾನು ಎದೆಗೆ ಒತ್ತಿಕೊಂಡು ಅವನನ್ನು ದಿಟ್ಟಿಸಿದೆ. ಅವನು ನಕ್ಕ. ನನಗೂ ನಗು ಬಂತು. ಯಾರೋ ಹಿಂದಿನಿಂದ ಬಂದು ಚೆಂಡನ್ನು ಸಲೀಸಾಗಿ ಕಿತ್ತುಕೊಂಡು ಹೋದರು. ಮತ್ತೊಮ್ಮೆ ಮಾಡಿದೆ, ಮತ್ತೆ ಹೋಯಿತು. ಎಷ್ಟು ಪ್ರಯತ್ನಪಟ್ಟರೂ ಆ ಹಿಡಿತ ಮರಳಿ ಬರಲಿಲ್ಲ. ಅವನ ಮೇಲಿನ ಸಂಶಯ ಹೋಗಿತ್ತು. ಅದರ ಜೊತೆಗೆ ಆ ವಿದ್ಯೆಯೂ ಹೋಗಿತ್ತು. ಆದರೆ ಇದನ್ನು ಮಾಸ್ತರರಿಗೆ ಹೇಗೆ ಹೇಳುವುದು? ಅವರು ಬಹಳ ಹೊತ್ತು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದರು: “ಶಂಕ್ರಪ್ಪ, ಖರೇ ಹೇಳು. ಬೆಳಗಾವಿಯವ್ರ ಏನರ ನಿನ್ನ ಕಿವ್ಯಾಗ ಊದ್ಯಾರೇನು?”