ಪ್ರಪಂಚ ಮುಳುಗಿಸಿದ ಕಾಲ್ಗುಣ

ನಾನು ಬೇಡ ಅಂದ್ರೂ ಇಲ್ಲದ ಫಜೀತಿಗಳೆಲ್ಲ ನನ್ನ ಕಂಪ್ಯೂಟರ್ ಕ್ಲಾಸಿಗೇ ಬಂದು ವಕ್ಕರಿಸುತ್ತಿದ್ದವು. ತೊಂಬತ್ತರ ದಶಕ, ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಹೇಗಿರುತ್ತೆ ಅಂತ ನೋಡೋಕೇ ಜನ ಬರುತ್ತಿದ್ದ ಕಾಲ. ನನ್ನ ಹತ್ತಿರ ಒಂದು ಪ್ರೋಗ್ರಾಂ ಇತ್ತು. ಜನ, ಬೆಳೆ, ಕಾರ್ಖಾನೆ, ಹೊಗೆ ಇಷ್ಟಿಷ್ಟು ಅಂತ ಕೊಟ್ಟರೆ ಮುಂದಿನ ನೂರು ವರ್ಷ ಪ್ರಪಂಚದ ಗತಿ ಏನು ಅಂತ ಗೆರೆ ಎಳೆದು ತೋರಿಸುತ್ತಿತ್ತು. ಆ ಗೆರೆ ಏರಿ ಏರಿ ದಬಕ್ಕನೆ ಬಿದ್ದರೆ ಪ್ರಪಂಚ ಮುಳುಗಿತು ಅಂತ ಲೆಕ್ಕ. ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ.

೧. ಹನೂರಿನ ಯಜಮಾನರು

ಹನೂರಿನ ಯಜಮಾನರೊಬ್ಬರು ಬಿದ್ದ ಗೆರೆ ನೋಡಿ ಬೆವರಿದರು. ಇದರಲ್ಲಿ ಯಾವ್ಯಾವ ಊರು ಸೇರಿದೆ ಅಂತ ಕೇಳಿದರು. ಇಡೀ ಪ್ರಪಂಚವೇ ಸೇರಿದೆ ಅಂದೆ.

"ನಮ್ಮ ಹನೂರ ತೆಗ್ದಾಕ್ಬುಡಿ ಸಾ. ಮುಳುಗೋರ್ ಜೊತೆ ನಮ್ಮನ್ಯಾಕ್ ಸೇರುಸ್ತೀರಿ?" ಅಂದರು.

೨. ಕಾಲ್ಗುಣ

ನನ್ನ ಶಿಷ್ಯೆಯೊಬ್ಬಳನ್ನು ನೋಡಲು ಯಳಂದೂರಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ಅವಳಿಗೆ ಹಿಡಿಸಿದ್ದ. ಮನೆಯಲ್ಲಿ ಉಪ್ಪಿಟ್ಟು ಕಾಫಿ ಮುಗಿಸಿ, ಹುಡುಗಿ ನಿಜವಾಗಿ ಕಂಪ್ಯೂಟರ್ ಕಲಿತಿದ್ದಾಳಾ ನೋಡೋಣ ಅಂತ, ಅವಳನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಸೀದಾ ಕ್ಲಾಸಿಗೇ ಬಂದುಬಿಟ್ಟರು. ಹಾಡು ಹೇಳಿಸೋ ಕಾಲ ಹೋಗಿ ಇದು ಬಂತಲ್ಲಪ್ಪಾ ಅಂದುಕೊಂಡೆ.

ಅವಳಿಗೆ ಸಲೀಸಾಗಿ ಬರುತ್ತಿದ್ದದ್ದು ಈ ಪ್ರೋಗ್ರಾಂ ಒಂದೇ. ಒತ್ತಿದಳು. ಗೆರೆಗಳೆಲ್ಲ ಸಾಲಾಗಿ ನೆಲ ಕಚ್ಚಿದವು. ಅದೇನು ಅಂತ ಹುಡುಗನ ಅಪ್ಪ ಕೇಳಿದರು. ನನ್ನ ಹಾಳು ಬಾಯಿ, ಪ್ರಪಂಚ ಮುಳುಗಿತು ಅಂದೆ. ಅವರ ಮುಖ ಬಿಳುಚಿಕೊಂಡಿತು. ಸೊಸೆ ಇನ್ನೂ ಹೊಸ್ತಿಲು ತುಳಿದಿಲ್ಲ, ಆಗಲೇ ಪ್ರಪಂಚ ಹೋಯಿತು, ಇಂಥ ಕಾಲ್ಗುಣದವಳು ನಮ್ಮನೆಗೆ ಬೇಡವೇ ಬೇಡ ಅಂತ ಎದ್ದೇಬಿಟ್ಟರು. ಹುಡುಗಿ ಕಣ್ಣಲ್ಲಿ ನೀರು.

೩. ಗಂಡಿನ ಕೈ

ಹುಡುಗನ ಅಮ್ಮನಿಗೆ ಮಾತ್ರ ಹುಡುಗಿಯನ್ನು ಬಿಡೋಕೆ ಮನಸ್ಸಿರಲಿಲ್ಲ. ಮಗನನ್ನು ಕೂರಿಸಿ, ನೀನು ಒತ್ತು, ನಿನ್ನ ಕೈಲಾದರೂ ಉಳಿಯುತ್ತಾ ನೋಡೋಣ ಅಂದರು. ಒಂದು ಮನೆಗೆ ಎಷ್ಟು ಮಕ್ಕಳು ಅಂತ ಕಂಪ್ಯೂಟರ್ ಕೇಳಿತು. ಅವನು ಹುಡುಗಿಯನ್ನೊಮ್ಮೆ ನೋಡಿ, ನಾಚಿಕೊಂಡು, ಎಂಟು ಅಂತ ಹೊಡೆದ. ನಾನು ಕುರ್ಚಿ ಹಿಡಿದುಕೊಂಡೆ. ಅವಳ ಕೈಲಿ ಮುಳುಗಿದ್ದಕ್ಕಿಂತ ಎಷ್ಟೋ ವರ್ಷ ಮೊದಲೇ ಪ್ರಪಂಚ ಮುಳುಗಿತು.

ಹುಡುಗನ ಅಪ್ಪ ಹೋಗಿ ಹುಡುಗಿಯ ಅಪ್ಪನ ಎರಡೂ ಕೈ ಹಿಡಿದುಕೊಂಡರು.

"ಇದ ಒರಗೆಲ್ಲೂ ಏಳ್ಬ್ಯಾಡಿ ಬೀಗ್ರೇ. ನಮ್ಮುಡ್ಗುಂಗೆ ಇನ್ಯಾರೂ ಎಣ್ಣು ಕೊಡಾಕಿಲ್ಲ. ಇವತ್ತೇ ತಾಂಬೂಲ ಬದ್ಲಾಯಿಸ್ಬುಡವ."

ಹುಡುಗಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಮೊದ್ಲು ಅವ್ರು ಎಂಟು ಅಳಿಸಿ ಎರಡು ಹೊಡೀಲಿ ಸಾ. ಆಮೇಲೆ ತಾಂಬೂಲ."