ದಾದಾ ಕೇಳಿದ ಭಾಲೋ, ನಾನು ಹೇಳಿದ ಬಾಲ

ಭಾಷೆ ಬಾರದ ಊರಲ್ಲಿ ಕೆಲಸಕ್ಕಿದ್ದವನಿಗೆ ನಗೆಪಾಟಲು ತಪ್ಪಿದ್ದಲ್ಲ. ಆದರೆ ನನ್ನ ನಗೆಪಾಟಲಿನ ಪೆಟ್ಟು ಬಿದ್ದದ್ದು ಬೇರೆಯವರಿಗೆ. ಈಗಲೂ ನೆನೆದರೆ ನಗುವಿಗಿಂತ ಮೊದಲು ನಾಚಿಕೆ ಬರುತ್ತದೆ.

ಕತ್ತರಿ

ಕೋಲ್ಕತ್ತದ ಸಾಲ್ಟ್ ಲೇಕ್ ಬಡಾವಣೆ ತುಂಬ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ. ಮಂಡ್ಯದವನಾದ ನಾನು ಅದೇ ಊರಿನ ಸರ್ಕಾರಿ ಲ್ಯಾಬೊಂದಕ್ಕೆ ಸೇರಿದೆ. ಚಹಾದಲ್ಲಿ ಕೆಫೀನ್ ಎಷ್ಟಿದೆ ಎಂದು ಅಳೆಯುವ ಕೆಲಸ. ಕ್ರೊಮ್ಯಾಟೋಗ್ರಫಿ ಯಂತ್ರದ ಕೊಳವೆಯಿಂದ ಚಹಾದ ಅಂಶಗಳು ಬೇರೆಬೇರೆಯಾಗಿ ಹೊರಬಂದು, ಒಂದೊಂದೂ ಕಾಗದದ ಮೇಲೆ ಒಂದೊಂದು ಗುಡ್ಡ ಬರೆಯುತ್ತದೆ. ಆ ಗುಡ್ಡಕ್ಕೆ ಪೀಕ್ ಎನ್ನುತ್ತೇವೆ. ಗುಡ್ಡ ದೊಡ್ಡದಾದರೆ ಅಂಶ ಹೆಚ್ಚು.

ನಿವೃತ್ತಿಗೆ ಹತ್ತಿರವಿದ್ದ ಹಿರಿಯ ತಂತ್ರಜ್ಞರೊಬ್ಬರು, ಎಲ್ಲರಿಗೂ ದಾದಾ ಅಂದರೆ ಅಣ್ಣ, ಆ ಗುಡ್ಡವನ್ನು ಕತ್ತರಿಯಿಂದ ಕತ್ತರಿಸಿ ತಕ್ಕಡಿಯಲ್ಲಿ ತೂಗಿ, ಆ ತೂಕದಿಂದಲೇ ಕೆಫೀನ್ ಲೆಕ್ಕ ಹಾಕುತ್ತಿದ್ದರು.

"ದರ್ಜಿ ಅಂಗಡಿ ಇಟ್ಟಿದ್ದೀರಾ ದಾದಾ?" ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿ, ಹೊಸ ಕಂಪ್ಯೂಟರಿನ ಲೆಕ್ಕ ತೋರಿಸಿದೆ. ಎರಡೂ ಒಂದೇ ಬಂದಿತ್ತು. ದಾದಾ ಕಂಪ್ಯೂಟರಿನ ತಲೆ ಸವರಿದರು.

"ಪರವಾಗಿಲ್ಲ, ಬೇಗ ಕಲೀತಾ ಇದೆ."

ಬಾಲ

ಕೊಳವೆ ಹಳತಾದರೆ ಪೀಕ್ ನೆಟ್ಟಗೆ ಇಳಿಯದೆ ಬಾಲ ಎಳೆಯುತ್ತದೆ. ಆ ಲೆಕ್ಕ ನಂಬುವಂತಿಲ್ಲ. ಕಂಡಾಗಲೆಲ್ಲ ನಾನು "ಥೂ, ಬಾಲ!" ಎಂದು ಕನ್ನಡದಲ್ಲೇ ಗೊಣಗುತ್ತಿದ್ದೆ.

ಒಂದು ದಿನ ಹೌರಾದಲ್ಲಿ ಹೊಳೆ ದಾಟುವ ಫೆರಿ ತಪ್ಪಿದ್ದರಿಂದ ದಾದಾ ಫೋನ್ ಮಾಡಿದರು. "ಪೀಕ್ ಭಾಲೋ?" ಬಂಗಾಳಿಯಲ್ಲಿ ಭಾಲೋ ಎಂದರೆ ಚೆನ್ನಾಗಿದೆಯೆಂದು. ನನಗೆ ಕೇಳಿಸಿದ್ದು ಬಾಲ; ಅಂದಿನ ಪೀಕಿಗೆ ಬಾಲವಿದ್ದದ್ದೂ ನಿಜ. ದಾದಾ ನನ್ನ ಮಾತು ಕಲಿತರಲ್ಲ ಎಂದು ಉಬ್ಬಿಹೋಗಿ, "ಹಾಂ ದಾದಾ, ಬಾಲ! ಬಹುತ್ ಬಾಲ!" ಎಂದೆ.

"ಹಾಗಾದ್ರೆ ರಿಪೋರ್ಟ್ ಕಳಿಸಿಬಿಡು," ಎಂದರು. ಹಿರಿಯರು ಹೇಳಿದ ಮೇಲೆ ಇನ್ನೇನು, ಕಳಿಸಿಬಿಟ್ಟೆ.

ಲೆಕ್ಕ ತಪ್ಪೆಂದು ರಿಪೋರ್ಟ್ ತಿರುಗಿ ಬಂತು. ಡೈರೆಕ್ಟರು ಎಲ್ಲರೆದುರು ದಾದಾರನ್ನು ಹಿಡಿದು, "ರಿಟೈರ್ ಆಗೋಕೆ ಮುಂಚೇನೇ ಕಣ್ಣು ಹೋಯ್ತಾ?" ಎಂದು ಬೈದರು. ದಾದಾ ತಲೆ ತಗ್ಗಿಸಿದರು. ಅಷ್ಟರಲ್ಲಿ ನನಗೆ ತಪ್ಪು ಹೊಳೆದಿತ್ತು. ಪ್ರೊಬೇಷನ್ನಿನಲ್ಲಿದ್ದೆ, ಹೆದರಿದೆ, ಬಾಯಿ ಬಿಡಲಿಲ್ಲ. ಅಂದು ಇಡೀ ಲ್ಯಾಬಿನಲ್ಲಿ ಬಾಲ ಮುದುರಿಕೊಂಡಿದ್ದವನು ನಾನೊಬ್ಬನೇ.

ಬೀಳ್ಕೊಡುಗೆ

ದಾದಾ ನಿವೃತ್ತರಾದ ದಿನ ಎಲ್ಲರೆದುರು ತಪ್ಪೊಪ್ಪಿಕೊಳ್ಳಲೆಂದೇ ಎದ್ದು ನಿಂತೆ. ಆದರೆ "ದಾದಾ ಖೂಬ್ ಬಾಲೋ" ಎಂಬುದಷ್ಟೇ ಹೊರಟಿತು, ದಾದಾ ತುಂಬ ಒಳ್ಳೆಯವರೆಂದು. ನನ್ನ ನಾಲಿಗೆಗೆ ಮಹಾಪ್ರಾಣ ಹೊರಳದು.

"ನಮ್ಮ ಭಾಲೋನೋ, ನಿಮ್ಮ ಬಾಲವೋ?" ಎಂದರು ದಾದಾ.

 ಅವರ ಪಕ್ಕದ ಮನೆಯವರು ಹುಬ್ಬಳ್ಳಿಯ ರೈಲ್ವೆ ಕುಟುಂಬ. ಬೈಸಿಕೊಂಡ ಸಂಜೆಯೇ ಬಾಲವೆಂದರೇನೆಂದು ಅವರನ್ನು ಕೇಳಿ ತಿಳಿದಿದ್ದರಂತೆ. ಗೊತ್ತಿದ್ದೂ ನನ್ನ ಹೆಸರೆತ್ತಿರಲಿಲ್ಲ.

ಕ್ಷಮೆ ಕೇಳಲು ಹತ್ತಿರ ಹೋಗಿ ಬಾಯಿ ತೆರೆದೆ. ದಾದಾ ಅದರೊಳಗೆ ಒಂದು ಇಡೀ ಸಂದೇಶ್ ಮಿಠಾಯಿ ತುರುಕಿ, "ಭಾಲೋ?" ಎಂದರು.

ಸಿಹಿ, ಅಳು ಎರಡೂ ತುಂಬಿದ ಬಾಯಿಂದ ಕ್ಷಮೆ ಹೊರಡಲೇ ಇಲ್ಲ. ಹೊರಟದ್ದು ಮತ್ತೆ ಬಾಲವೇ.