ಮುನಿಯಮ್ಮಜ್ಜಿಯ ಎರಡು ಫೋಟೋ

ಫಿಲ್ಮ್ ಕ್ಯಾಮೆರಾದ ಹುಚ್ಚು ಹಿಡಿದವನೊಬ್ಬ ಮನೆಯಲ್ಲಿದ್ದರೆ ಉಳಿದವರಿಗೆ ಮೊದಲು ತಪ್ಪಿಹೋಗುವುದು ಸ್ನಾನ. ಇದು ನನ್ನ ಹೆಂಡತಿ ವನಜಳ ಅನುಭವದ ಮಾತು. ಫೋಟೋ ಪ್ರಿಂಟು ಮಾಡಲು ಕತ್ತಲೆ ಬೇಕು, ನೀರು ಬೇಕು, ಒಳಗಿನಿಂದ ಹಾಕಿಕೊಳ್ಳಲು ಚಿಲಕವೂ ಬೇಕು. ಇವೆಲ್ಲ ಒಟ್ಟಿಗೆ ಸಿಗುವುದು ಬಚ್ಚಲುಮನೆಯಲ್ಲೇ. ಜರಗನಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮಹಡಿ ಮನೆಯಲ್ಲಿ ಇರುವುದು ಒಂದೇ ಬಚ್ಚಲು. ಭಾನುವಾರ ಬಂತೆಂದರೆ ಅದರ ಕಿಟಕಿಗೆ ಕಪ್ಪು ಬಟ್ಟೆ ಬಿಗಿದು, ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬೀಳಿಸುವ ಎನ್‌ಲಾರ್ಜರನ್ನು ವಾಷಿಂಗ್ ಮಷೀನಿನ ತಲೆಯ ಮೇಲೆ ಕೂರಿಸಿ, ಕೆಂಪು ಬಲ್ಬು ಹಾಕಿಕೊಂಡು ನಾನು ಒಳಗೆ ಸೇರಿಬಿಡುತ್ತೇನೆ. ಹೊರಗೆ ವನಜ ಟವೆಲು ಹೆಗಲಿಗೆ ಹಾಕಿಕೊಂಡು ಬಾಗಿಲು ಬಡಿಯುತ್ತಾಳೆ. "ಬಾಗಿಲು ತೆಗೆದ್ರೆ ಪೇಪರ್ ಹಾಳಾಗುತ್ತೆ ಕಣೇ!" ಎನ್ನುತ್ತೇನೆ. "ತೆಗೀದಿದ್ರೆ ಸಂಸಾರ ಹಾಳಾಗುತ್ತೆ ರೀ!" ಎನ್ನುತ್ತಾಳೆ.

ಮನೆಯಲ್ಲಿ ಹೀಗಾದರೆ ಆಫೀಸಿನಲ್ಲಿ ಬಸವರಾಜ. ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಾನೆ. ನನ್ನ ಹಾಗೆಯೇ ಫೋಟೋ ಹುಚ್ಚ, ಆದರೆ ಡಿಜಿಟಲ್ ಪಂಗಡದವನು. ಊಟದ ಡಬ್ಬಿ ಬಿಚ್ಚಿದೊಡನೆ ನಮ್ಮ ವಾದವೂ ಬಿಚ್ಚಿಕೊಳ್ಳುತ್ತಿತ್ತು.

"ಸರ, ಯಾಕಷ್ಟ್ ತ್ರಾಸ ತಗೋತೀರಿ? ನಾ ಕಲರ್‌ನ್ಯಾಗ ಹೊಡದು, ಕಂಪ್ಯೂಟರಿನ್ಯಾಗ ಒಂದ್ ಗುಂಡಿ ಒತ್ತಿದ್ರ ಬ್ಲ್ಯಾಕ್ ಆಂಡ್ ವೈಟ್ ಆತು ನೋಡ್ರಿ."

"ಬಣ್ಣ ಕಿತ್ತುಹಾಕಿದ್ರೆ ಕಪ್ಪು ಬಿಳುಪು ಆಗಲ್ಲಪ್ಪ, ಬಣ್ಣ ಹೋಗಿದ್ದು ಆಗುತ್ತೆ" ಎಂದು ನಾನು ಗಂಭೀರವಾಗಿ ಹೇಳುತ್ತಿದ್ದೆ. ಹೇಳಿದ ಮೇಲೆ ಅದರ ಅರ್ಥವೇನೆಂದು ನನಗೂ ಸ್ವಲ್ಪ ಅನುಮಾನ ಬರುತ್ತಿತ್ತು.

ಈ ವಾದ ಡಬ್ಬಿಯ ಅನ್ನದ ಜೊತೆಗೇ ಮುಗಿದುಹೋಗುತ್ತಿತ್ತೇನೋ. ಆದರೆ ಒಂದು ಬೆಳಿಗ್ಗೆ ನಮ್ಮ ಮನೆ ಮಾಲೀಕರ ತಾಯಿ ಮುನಿಯಮ್ಮಜ್ಜಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಕೆಳಗಿನ ಮನೆಯ ಹಜಾರದಲ್ಲಿ ಅವರ ಯಜಮಾನರ ಫೋಟೋ ಇದೆ. ಈ ಬೀದಿಯಲ್ಲೆಲ್ಲ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಯಾವುದೋ ಸ್ಟುಡಿಯೋದಲ್ಲಿ ತೆಗೆಸಿದ್ದು; ಕೋಟು, ಮೀಸೆ, ದುರುಗುಟ್ಟುವ ಕಣ್ಣು. ಗಂಡ ಹೆಂಡತಿ ಜೊತೆಯಾಗಿ ಒಂದು ಫೋಟೋವನ್ನೂ ತೆಗೆಸಿಕೊಂಡಿರಲಿಲ್ಲವಂತೆ.

"ನಂದೂ ಒಂದು ತೆಗಿ ಕಣಪ್ಪ, ಅವ್ರ ಪಕ್ಕಕ್ಕೆ ಹಾಕ್ಸ್ಬೇಕು" ಎಂದರು ಅಜ್ಜಿ. "ಕಲರ್ ಬ್ಯಾಡ. ಅವ್ರು ಕಪ್ಪು ಬಿಳುಪಾಗವ್ರೆ. ನಾನು ಬಣ್ಣ ಬಣ್ಣವಾಗಿ ಪಕ್ಕ ಕೂತ್ರೆ ಬ್ಯಾರೆ ಯಾರ ಹೆಂಡ್ರೋ ಅಂದ್ಕತಾರೆ ಜನ."

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದನ್ನು ಬಸವರಾಜನ ಮುಂದೆ ಹೇಳಿಕೊಂಡದ್ದೇ ತಪ್ಪಾಯಿತು. "ಹಂಗಾರ ನಾನೂ ಬರ್ತೀನ್ರಿ ಸರ. ಇಬ್ಬರೂ ತಗಿಯೋಣು, ಒಂದ ಅಳತಿ ಪ್ರಿಂಟ್ ಹಾಕೋಣು, ಅಜ್ಜಿ ಯಾವ್ದು ಅಂತಾರ ಅದು ಗೋಡಿಗೆ" ಎಂದ.

ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿದೆವು. ಅಜ್ಜಿ ರೇಷ್ಮೆ ಸೀರೆ ಉಟ್ಟು, ಮುಡಿಗೆ ಹೂವಿಲ್ಲದಿದ್ದರೂ ಎಣ್ಣೆ ಹಚ್ಚಿ ಬಾಚಿಕೊಂಡು ಬಂದು ಕೂತರು. ನಾನು ಬೆಳಕು ಅಳೆಯುವ ಮೀಟರನ್ನು ಅವರ ಮೂಗಿನ ಹತ್ತಿರ ಹಿಡಿದೆ, ಕೆನ್ನೆಯ ಹತ್ತಿರ ಹಿಡಿದೆ, ಹಿಂದೆ ಸರಿದೆ, ಮಂಡಿಯೂರಿದೆ, "ಅಲ್ಲಾಡಬೇಡಿ ಅಜ್ಜಿ" ಎಂದೆ. ಫಿಲ್ಮಿನಲ್ಲಿ ತೆಗೆದದ್ದನ್ನು ಆಗಲೇ ನೋಡುವಂತಿಲ್ಲವಾದ್ದರಿಂದ ಪ್ರತಿ ಸಲವೂ ಉಸಿರು ಬಿಗಿಹಿಡಿದೇ ಗುಂಡಿ ಒತ್ತಬೇಕು. ನಾನು ಬಿಗಿಹಿಡಿದದ್ದು ನೋಡಿ ಅಜ್ಜಿಯೂ ಬಿಗಿಹಿಡಿದರು. ಬಸವರಾಜ ಮಾತ್ರ ಪಕ್ಕದಲ್ಲಿ ಅಡ್ಡಾಡುತ್ತಾ, ಟಕಟಕ ತೆಗೆದು, ಕ್ಯಾಮೆರಾದ ಬೆನ್ನಲ್ಲೇ ಅವರಿಗೆ ತೋರಿಸುತ್ತಿದ್ದ. "ಅಯ್ಯೋ, ಬಾಯಿ ಸೊಟ್ಟಗಾಗೈತೆ, ಇನ್ನೊಂದು ತೆಗಿ" ಎಂದು ಅಜ್ಜಿ ಅವನಿಗೆ ಆಜ್ಞೆ ಮಾಡುತ್ತಿದ್ದರು.

ಮುಂದಿನ ಭಾನುವಾರ ನಾನು ಬಚ್ಚಲು ಸೇರಿದೆ. ಜಗಳ ಆಡಲೆಂದೇ ಬಂದ ವನಜಳನ್ನು ಒಳಗೆ ಕರೆದು ಚಿಲಕ ಹಾಕಿದೆ. ಬೆಳಕು ಕುಡಿದ ಬಿಳಿಯ ಕಾಗದವನ್ನು ರಾಸಾಯನಿಕದ ತಟ್ಟೆಯಲ್ಲಿ ಮುಳುಗಿಸಿ ಮೆಲ್ಲಗೆ ತೂಗಿದೆ. ಮೊದಲು ಏನೂ ಇಲ್ಲ. ಆಮೇಲೆ ಕಣ್ಣಿರಬೇಕಾದ ಜಾಗದಲ್ಲಿ ಎರಡು ನೆರಳು, ಸೀರೆಯ ಅಂಚು, ಹಣೆಯ ಗೆರೆಗಳು, ಕಡೆಗೆ ಬೆಳ್ಳಿಯಂಥ ಕೂದಲು. ನೀರಿನ ತಳದಿಂದ ಅಜ್ಜಿ ತಾವಾಗಿಯೇ ಎದ್ದು ಬಂದಂತಿತ್ತು. ಎಷ್ಟು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ. "ಬಂದ್ರು ನೋಡ್ರಿ..." ಎಂದಳು ವನಜ, ಪಿಸುದನಿಯಲ್ಲಿ. ಸ್ನಾನದ ಮಾತೇ ಎತ್ತಲಿಲ್ಲ.

ಬಸವರಾಜ ತನ್ನದನ್ನು ಜಯನಗರದ ಒಂದು ಲ್ಯಾಬಿನಲ್ಲಿ ಒಳ್ಳೆಯ ಕಾಗದದ ಮೇಲೆ ಮಾಡಿಸಿ ತಂದ. ಅಜ್ಜಿಯ ಮಂಚದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆವು. "ನಂದು ಬಹಳ ವರ್ಷ ಬಾಳಿಕೆ ಬರುತ್ತೆ ಅಜ್ಜಿ" ಎಂದು ನಾನು ಮೊದಲೇ ಹೇಳಿಟ್ಟೆ. ಸುಳ್ಳೇಕೆ ಹೇಳಲಿ, ಅವನ ಪ್ರಿಂಟು ನೋಡಿ ನಾನು ದಂಗಾದೆ. ನೆರಳಿನೊಳಗೆ ನನ್ನ ಫಿಲ್ಮು ಬರೀ ಕಪ್ಪೆಂದು ಕೈಬಿಟ್ಟಿದ್ದ ಕಡೆ ಅವನದರಲ್ಲಿ ಸೀರೆಯ ಒಂದೊಂದು ಮಡಿಕೆಯೂ ಇತ್ತು, ಓಲೆಯ ಹರಳೂ ಇತ್ತು. ಅವನೋ ನನ್ನದನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟಿದ್ದ. "ಸರ, ಈ ಬಿಳಿ ಕೂದಲಾ ಹೆಂಗ್ ಹಿಡದ್ರಿ? ಕೈ ಇಟ್ರ ಮೆತ್ತಗ ಹತ್ತತೈತಿ ಅನಸ್ತದ" ಎಂದ. ಇಷ್ಟು ದಿನ ಜಗಳವಾಡಿದವರು ಒಬ್ಬರ ಫೋಟೋವನ್ನು ಇನ್ನೊಬ್ಬರು ಹೊಗಳುತ್ತಾ ನಿಂತೆವು.

ಅಜ್ಜಿಗೆ ನೆರಳಿನ ಕಪ್ಪೂ ಬೇಕಿರಲಿಲ್ಲ, ಕೂದಲಿನ ಬಿಳುಪೂ ಬೇಕಿರಲಿಲ್ಲ. ಅವರು ಒಂದು ಸಲ ಯಜಮಾನರನ್ನು ನೋಡಿದರು, ಒಂದು ಸಲ ಮಂಚವನ್ನು ನೋಡಿದರು. ನನ್ನದರಲ್ಲಿ ನೆಟ್ಟನೋಟ. ಬಸವರಾಜನದರಲ್ಲಿ ಬಾಯಿ ತುಂಬ ನಗು.

"ಇದ್ನೇ ಹಾಕ್ಸಿ" ಎಂದು ಬಸವರಾಜನದನ್ನು ಎತ್ತಿಕೊಂಡರು. "ಅವ್ರು ಮೊದ್ಲೇ ಬಿಗ್ಕೊಂಡು ಕೂತವ್ರೆ. ನಾನೂ ಬಿಗ್ಕೊಂಡು ಪಕ್ಕ ಕೂತ್ರೆ ದಿನಾ ಜಗಳ ಆಡ್ಕೊಂಡಂಗಿರ್ತದೆ."

"ಅಜ್ಜೀ, ನಗು ಭಾಳ ಚಲೋ ಬಂದೈತಿ" ಎಂದ ಬಸವರಾಜ.

"ಇವನು ನನ್ ಮೂಗಿಗೆ ಆ ಡಬ್ಬಿ ಹಿಡ್ಕೊಂಡು ಕುಪ್ಪಳಿಸ್ತಿದ್ನಲ್ಲಪ್ಪ, ನಗು ಬರ್ದೆ ಇರ್ತದಾ?"

ನನ್ನ ಮುಖ ಸಪ್ಪಗಾದದ್ದು ಅವರಿಗೆ ಕಂಡಿರಬೇಕು. ನನ್ನ ಪ್ರಿಂಟನ್ನು ಸೆರಗಿನಿಂದ ಒರೆಸಿ, ಕಬ್ಬಿಣದ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟರು. "ನೀನು ತೆಗೆದಿದ್ದೂ ವ್ಯರ್ಥ ಆಗಲ್ಲ ಕಣಪ್ಪ. ಬಾಳ ವರ್ಷ ಬಾಳಿಕೆ ಬರ್ತದೆ ಅಂದ್ಯಲ್ಲ? ನಾನು ಹೋದ್ಮ್ಯಾಲೆ ಹಾರ ಹಾಕೋಕೆ ಇದ್ನೇ ತೆಗೀಲಿ. ಹಾರ ಹಾಕಿಸ್ಕೊಂಡು ಹಲ್ಲು ಕಿರ್ಕೊಂಡಿದ್ರೆ ಚೆಂದಾಗಿರಲ್ಲ."

ಅಂದಿನಿಂದ ನನ್ನದು ವಿಚಿತ್ರ ಪರಿಸ್ಥಿತಿ. ನಾನು ಮಾಡಿದ ಪ್ರಿಂಟುಗಳಲ್ಲೆಲ್ಲ ಅತ್ಯುತ್ತಮವಾದದ್ದು ಬೀರುವಿನಲ್ಲಿದೆ. ಅದು ಅಲ್ಲಿಂದ ಎಂದೂ ಹೊರಗೆ ಬರದಿರಲಿ ಎಂದು ನಾನೇ ಹಾರೈಸುತ್ತಿದ್ದೇನೆ. ಕೆಳಗೆ ಅಜ್ಜಿ ಒಂದು ಸಲ ಕೆಮ್ಮಿದರೆ ಸಾಕು, ಶುಂಠಿ ಹಾಕಿದ ಬಿಸಿನೀರು ಹಿಡಿದು ಮೊದಲು ಮೆಟ್ಟಿಲಿಳಿಯುವವನು ನಾನೇ. "ಅಮ್ಮನ್ನ ಕಂಡ್ರೆ ಎಷ್ಟು ಪ್ರೀತಿ ಸಾರ್ ನಿಮ್ಗೆ" ಎನ್ನುತ್ತಾರೆ ಮಾಲೀಕರು. ಪ್ರೀತಿ ಹೌದು. ಆದರೆ ಇಷ್ಟು ವರ್ಷ ಫಿಲ್ಮಿನ ಪರ ಗಂಟಲು ಹರಿದುಕೊಂಡ ಮನುಷ್ಯ, ಡಿಜಿಟಲ್ಲೇ ಗೆದ್ದಿರಲಿ ಎಂದು ಒಲೆಯ ಮುಂದೆ ನಿಂತು ನೀರು ಕಾಯಿಸುತ್ತಿರುವುದನ್ನು ಬಸವರಾಜನಿಗೆ ಮಾತ್ರ ಯಾರೂ ಹೇಳಬೇಡಿ.